ನಲವತ್ತನೆಯ ದಿನದ ನೀರು

“ಇನ್ನೂ ಇಪ್ಪತ್ತು ನಿಮಿಷ,” ಎಂದ ಸಾಕೆನ್. ಯಾರೂ ಕೇಳಿರಲಿಲ್ಲ.

ನೀರಿನ ಮೇಲೆ ಆರು ಪ್ಲಾಸ್ಟಿಕ್ ಚೀಲಗಳು ತೇಲುತ್ತಿದ್ದವು. ಒಂದೊಂದರಲ್ಲಿ ಐದೈದು ಮೀನು. ಅಂಗೈಯಷ್ಟು ಅಗಲ, ತಟ್ಟೆಯ ಹಾಗೆ ಚಪ್ಪಟೆ, ಮೈಮೇಲೆ ನೀಲಿ ಗೀರು. ಅಲ್ಮಾಟಿಯಿಂದ ರೈಲಿನಲ್ಲಿ, ಬೋಗಿ ನೋಡಿಕೊಳ್ಳುವ ಹೆಂಗಸಿನ ಮಂಚದ ಕೆಳಗೆ ಬಂದಿದ್ದವು. ಚೀಲದೊಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬೆಚ್ಚಗಾಗುವ ತನಕ ಬಿಚ್ಚಬಾರದು. ಅವಸರ ಮಾಡಿದರೆ ಮೀನು ಸಾಯುತ್ತದೆ. ಈ ಮನೆಯಲ್ಲಿ ಅವಸರ ಮಾಡುವವರು ಯಾರೂ ಉಳಿದಿರಲಿಲ್ಲ.

ಬಾಗಿಲಲ್ಲಿ ಹೆಂಡತಿ ರೌಶನ್ ನಿಂತಿದ್ದಳು.

“ಆ ಕೊನೇ ಚೀಲದಲ್ಲಿ ಎರಡು ಅಲುಗ್ತಾ ಇಲ್ಲ.”

“ನಿದ್ದೆ ಇರ್ಬೇಕು.”

“ಹ್ಞೂಂ.”

ನಿದ್ದೆಯಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಓದಿದವರು.

ಅಕ್ವೇರಿಯಂ ಮೂರು ಮೀಟರ್ ಉದ್ದವಿತ್ತು, ಕೋಣೆ ಮೂರೂಕಾಲು. ಸಾವಿರದ ಎಂಟುನೂರು ಲೀಟರ್ ನೀರು. ಮರಳು, ಕಲ್ಲು, ಗಾಜಿನ ಭಾರ ಬೇರೆ. ಕಿಜಿಲೋರ್ದಾದ ಕಾಲೇಜಿನಲ್ಲಿ ಸಾಕೆನ್ ಕಲಿಸುತ್ತಿದ್ದುದು ಕಾಲುವೆ, ತೂಬು, ಅಣೆಕಟ್ಟುಗಳ ಪಾಠ. ಒತ್ತಡ ಎಷ್ಟು ಬೀಳುತ್ತದೆಂದು ಮೂರು ಸಲ ಲೆಕ್ಕ ಹಾಕಿ, ನೆಲಮಾಳಿಗೆಗಿಳಿದು ಕೋಣೆಯ ಅಡಿಗೆ ಇಟ್ಟಿಗೆಯ ಆರು ಕಂಬ ಕಟ್ಟಿಸಿದ್ದ. ಗಾಜು ಬಾಗಿಲಲ್ಲಿ ಹಿಡಿಸದೆ ಕಿಟಕಿಯ ಚೌಕಟ್ಟನ್ನೇ ಕೀಳಿಸಬೇಕಾಯಿತು. ಅಂಗಳದ ಹತ್ತು ಗಂಡಸರು ಬಂದು ಹೆಗಲು ಕೊಟ್ಟರು. ನಮ್ಮಲ್ಲಿ ಇದಕ್ಕೆ ಅಸಾರ್ ಎನ್ನುತ್ತಾರೆ: ಕರೆದರೆ ಬರುತ್ತಾರೆ, ಕೂಲಿ ಮುಟ್ಟುವುದಿಲ್ಲ, ಊಟ ಹಾಕಬೇಕು. ಹಾಕದಿದ್ದರೆ ಆ ಅಂಗಳದಲ್ಲಿ ಮುಖ ಎತ್ತಿಕೊಂಡು ಓಡಾಡುವಂತಿಲ್ಲ.

ಆ ಊಟ ಇವತ್ತು.

ಮಗುವಿಗಾಗಿ ಹನ್ನೆರಡು ವರ್ಷ ಕಾದ ಮೇಲೆ, ಎರಡು ವರ್ಷದ ಹಿಂದೆ, ಈ ಕೋಣೆಗೆ ಹಳದಿ ಬಣ್ಣ ಬಳಿದಿದ್ದರು. ಸಾಕೆನ್‌ನ ಅಕ್ಕ ಕುಲ್ಯಾಶ್ ಹಳ್ಳಿಯಿಂದ ಮನೆತನದ ತೊಟ್ಟಿಲು ತಂದಿಟ್ಟಿದ್ದಳು. ಮಗು ಏಳನೆಯ ತಿಂಗಳಿಗೇ ಹುಟ್ಟಿ ನಾಲ್ಕು ದಿನ ಬದುಕಿತು. ಆಮೇಲೆ ಬಾಗಿಲು ಮುಚ್ಚಿತು. ರೌಶನ್ ಔಷಧಿ ಅಂಗಡಿಯ ಕೆಲಸಕ್ಕೆ ಹೋದಳು, ಬಂದಳು, ಬೇಯಿಸಿದಳು. ಉಪ್ಪು ಸಾಕಾ, ಬೀಗ ಹಾಕಿದ್ಯಾ, ಬರ್ತಾ ಬ್ರೆಡ್ ತಾ. ಎರಡು ವರ್ಷ ಅಷ್ಟೇ ಮಾತು. ಜಗಳವಾದರೂ ಆಡಬಾರದೇ ಎಂದು ಸಾಕೆನ್ ಒಳಗೊಳಗೇ ಬೇಡಿಕೊಂಡದ್ದುಂಟು.

ಇಷ್ಟು ದೊಡ್ಡ ಅಕ್ವೇರಿಯಂ ಯಾಕೆ ಎಂದು ಕೇಳಿದವರಿಗೆ “ಹವ್ಯಾಸ” ಎನ್ನುತ್ತಿದ್ದ. ಆ ಬಾಗಿಲು ತೆರೆಯಲು ಅವನಿಗೊಂದು ನೆಪ ಬೇಕಿತ್ತು, ಅಷ್ಟೆ. ಸಣ್ಣ ನೆಪ ಸಾಲುತ್ತಿರಲಿಲ್ಲ. ತೊಟ್ಟಿಲನ್ನು ರೌಶನ್ ತಾನೇ ಎತ್ತಿಕೊಂಡು ಹೋಗಿ ಬಾಲ್ಕನಿಯಲ್ಲಿಟ್ಟಳು. ಈಗ ಅದರಲ್ಲಿ ಈರುಳ್ಳಿ ಇತ್ತು.

ನೀರು ತುಂಬಿದ ಕೂಡಲೇ ಮೀನು ಬಿಡುವಂತಿಲ್ಲ. ಸೋಸುವ ಯಂತ್ರ ಹಚ್ಚಿ ಖಾಲಿ ನೀರನ್ನೇ ವಾರಗಟ್ಟಲೆ ತಿರುಗಿಸಬೇಕು. ನೀರಿನ ವಿಷ ತಿನ್ನುವ ಕಣ್ಣಿಗೆ ಕಾಣದ ಜೀವಗಳು ಅದರಲ್ಲಿ ಬೆಳೆಯಬೇಕು. ದಿನವೂ ಗಾಜಿನ ನಳಿಗೆಯಲ್ಲಿ ಒಂದಿಷ್ಟು ನೀರು ಹಿಡಿದು, ಔಷಧಿಯ ಹನಿ ಹಾಕಿ ಬಣ್ಣ ನೋಡಬೇಕು. ಹಸಿರಾದರೆ ವಿಷ ಇದೆ, ಹಳದಿಯಾದರೆ ಇಲ್ಲ. ಒಂಬತ್ತನೆಯ ದಿನ ರೌಶನ್ ಬಂದು ಅವನ ಕೈಯಿಂದ ನಳಿಗೆ ಕಸಿದುಕೊಂಡಳು. “ಹಾಗಲ್ಲ ನೋಡೋದು. ಬೆಳಕಿಗೆ ಹಿಡಿ.” ಅಂದಿನಿಂದ ಆ ಕೆಲಸ ಅವಳದಾಯಿತು. ಬಣ್ಣವನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಬೆಳಿಗ್ಗೆ ಎದ್ದವಳ ಮೊದಲ ಮಾತು, “ನೀರು ಹೇಗಿದೆ?” ಆ ಮಾತಿಗಾಗಿ ಸಾಕೆನ್ ಐದು ಗಂಟೆಯಿಂದಲೇ ಎಚ್ಚರವಾಗಿ ಬಿದ್ದುಕೊಂಡಿರುತ್ತಿದ್ದ.

ನಿನ್ನೆ ನಳಿಗೆ ಹಳದಿಯಾಗಿತ್ತು. “ಈಗ ಇದರಲ್ಲಿ ಬದುಕಬಹುದು,” ಎಂದಿದ್ದಳು. ಇವತ್ತಿಗೆ ನಲವತ್ತನೆಯ ದಿನ. ಮೀನು ಉಳಿದರೆ ಈ ಹೆಂಗಸು ಮಾತಾಡುತ್ತಾಳೆ ಎಂದು ಸಾಕೆನ್ ಮನಸ್ಸಿನಲ್ಲೇ ಗಂಟು ಹಾಕಿಕೊಂಡಿದ್ದ. ಇದು ಮೂರ್ಖತನ ಎಂದೂ ಗೊತ್ತಿತ್ತು. ಗೊತ್ತಿದ್ದು ಏನು ಬಂತು?

ಚೀಲ ಬಿಚ್ಚಿದ. ಇಪ್ಪತ್ತೆಂಟು ಮೀನು ಒಂದರ ಹಿಂದೊಂದು ಹೊರಬಿದ್ದು, ಮೂಲೆಯ ಕಲ್ಲಿನ ಹಿಂದೆ ಗುಂಪಾಗಿ ನಿಂತವು. ನಿದ್ದೆ ಹೋದ ಎರಡನ್ನು ಕಾಗದದಲ್ಲಿ ಸುತ್ತಿ ಜೇಬಿಗಿಟ್ಟುಕೊಂಡ.

ಅಷ್ಟರಲ್ಲಿ ಕುಲ್ಯಾಶ್ ಮೊದಲ ಬಸ್ಸಿಗೇ ಬಂದಿಳಿದಳು. ಕಂಕುಳಲ್ಲಿ ಬೋಗುಣಿ, ಬೋಗುಣಿಯಲ್ಲಿ ಅರ್ಧ ಕುರಿ. ಅರವತ್ತು ದಾಟಿದ ಹೆಂಗಸು. ಬಂದ ಐದು ನಿಮಿಷಕ್ಕೆ ಅಡಿಗೆಮನೆ ಅವಳದಾಯಿತು, ಹತ್ತು ನಿಮಿಷಕ್ಕೆ ಮನೆ.

“ಏನೋ ತಮ್ಮಾ, ಹೆಗಲು ಕೊಟ್ಟೋರಿಗೆ ಊಟ ಹಾಕೋಕೆ ಇಷ್ಟು ದಿನ ಬೇಕಾಯ್ತಾ? ಹಳ್ಳೀಲಾಗಿದ್ರೆ ಉಗೀತಿದ್ರು.”

“ನೀರಿಗೆ ನಲವತ್ತು ದಿನ ಆಗ್ಬೇಕು ಅಂತ ಫೋನಲ್ಲೇ ಹೇಳಿದ್ನಲ್ಲ ಅಕ್ಕ.”

“ಹೇಳ್ದೆ, ಹೇಳ್ದೆ. ಅದಕ್ಕೇ ನಾನು ಬಂದಿರೋದು.”

ಅವಳು ಅವನ ಕೆನ್ನೆ ತಟ್ಟಿ ಹೋದಳು. ಅದಕ್ಕೇ ಎಂದರೆ ಯಾವುದಕ್ಕೆ ಎಂದು ಸಾಕೆನ್ ಕೇಳಲಿಲ್ಲ. ಕೇಳದೆ ಇರುವುದು ಅವನಿಗೆ ರೂಢಿ.

ನಾಲ್ಕು ಗಾಜಿನ ಮುಚ್ಚಳಗಳು ಗೋಡೆಗೆ ಒರಗಿ ನಿಂತಿದ್ದವು. ಮಧ್ಯಾಹ್ನ ರೌಶನ್ ಅವನ್ನು ಒರೆಸಿಟ್ಟು ಕೇಳಿದಳು:

“ಮುಚ್ಚೋಣ್ವಾ? ಜನ ಬರ್ತಾರೆ.”

“ಆಮೇಲೆ. ಮುಚ್ಚಿದ್ರೆ ಬೆಳಕು ಮಂಕಾಗುತ್ತೆ.”

ಅವನಿಗೂ ಒಂಚೂರು ಹೊಗಳಿಸಿಕೊಳ್ಳುವ ಆಸೆಯಿತ್ತು, ಪಾಪ.

ಎರಡು ಗಂಟೆಗೆ ಅಂಗಳವೆಲ್ಲ ಒಳಗೆ ಬಂತು. ಹಿರಿಯನೆಂಬ ಮರ್ಯಾದೆಗೆ ಇಮಾಂಗಲಿಯ ಮುಂದೆ ಕುರಿಯ ತಲೆ ಇಟ್ಟರು. ಮೇಲಿನ ಮಹಡಿಯ ಈ ಮುದುಕ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ಎಲ್ಲ ಮಾತನ್ನೂ ಪ್ಲಾಟ್‌ಫಾರಂ ಆಚೆ ಕೇಳಿಸುವಂತೆಯೇ ಆಡುತ್ತಿದ್ದ. ಕುರಿಯ ಕಿವಿ ಕುಯ್ದು ಪಕ್ಕದವನಿಗೆ ಕೊಟ್ಟು, ಕೈ ಒರೆಸಿಕೊಳ್ಳುತ್ತ ಅಕ್ವೇರಿಯಂನ ಕೋಣೆಗೆ ಬಂದ. ಉಳಿದವರೂ ಹಿಂದೆ ಬಂದರು.

“ಎಲ್ಲಿ ಮೇಷ್ಟ್ರೇ ನಿಮ್ಮ ಮೀನು?”

“ಅಲ್ಲಿ, ಕಲ್ಲಿನ ಹಿಂದೆ.”

“ಇದಾ! ಇದಕ್ಕಾ ನನ್ನ ಸೊಂಟ ಮುರಿದಿದ್ದು? ಸಿರ್ ನದೀಲಿ ನಾನು ಹಿಡಿದ ಮೀನು ನಿಮ್ಮ ಈ ಗಾಜಲ್ಲಿ ಬಾಲ ಮಡಚ್ಕೊಂಡು ಮಲಗ್ಬೇಕಾಗಿತ್ತು.”

“ಆ ಮೀನು ವರ್ಷ ವರ್ಷ ಬೆಳೀತಾ ಇದೆ,” ಎಂದಳು ಅವನ ಹೆಂಡತಿ. ಎಲ್ಲರೂ ನಕ್ಕರು. ಸಾಕೆನ್ ಕೂಡ ಒಂದು ಕ್ಷಣ ತಡವಾಗಿ ನಕ್ಕ. ಯಾರೋ ಅವನ ಕೈಗೆ ಚಹಾದ ಬಟ್ಟಲು ಕೊಟ್ಟರು. ಒಳ್ಳೆಯ ಚಹಾ.

“ಚಹಾ ಚೆನ್ನಾಗಿದೆ ಅಕ್ಕ.”

“ಹೂಂ ಮತ್ತೆ!” ಎಂದಳು ಕುಲ್ಯಾಶ್. “ಪಡಸಾಲೇಲಿ ನೀಲಿ ಪೀಪಾಯಿ ಎರಡು ಇಟ್ಟಿದ್ಯಲ್ಲ, ಆ ನೀರು. ಅಂಥಾ ತಿಳಿ ನೀರು ಸುಮ್ನೆ ನಿಂತಿತ್ತು. ಕುರೀನೂ ಅದ್ರಲ್ಲೇ ಬೇಯಿಸ್ದೆ. ನೆಲ ಒರೆಸೋಕೂ ಅದೇ.”

ನಲ್ಲಿನೀರಿನ ಔಷಧಿ ಮೀನಿಗಾಗದೆಂದು, ಅದರ ವಾಸನೆ ಹೋಗುವ ತನಕ ಒಂದು ವಾರ ಇಟ್ಟ ನೀರು ಅದು. ಅಕ್ವೇರಿಯಂನಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಬದಲಿಸಲು ಬೇರೆ ನೀರಿರಲಿಲ್ಲ. ಸಾಕೆನ್ ಬಟ್ಟಲನ್ನು ಕೊನೆಯ ಗುಟುಕಿನ ತನಕ ಕುಡಿದ.

ಕುಲ್ಯಾಶ್ ಅಂಗಿಯ ಕೈ ಸರಿಸಿದಳು. ಸೊಂಟದಿಂದ ಒಂದು ಬಟ್ಟೆಯ ಗಂಟು ತೆಗೆದಳು. ಹೆಂಗಸರು ಹತ್ತಿರ ಸರಿದರು.

ನಮ್ಮಲ್ಲಿ ಕೂಸಿಗೆ ನಲವತ್ತು ತುಂಬಿದ ದಿನ, ಮೀಯಿಸುವ ನೀರಿಗೆ ನಾಣ್ಯ ಹಾಕುತ್ತಾರೆ. ಮಿಂದ ಮೇಲೆ ಆ ನಾಣ್ಯ ಬಂದ ಹೆಂಗಸರ ಪಾಲು. ಯಾರ ಕೈಗೆ ಬರುತ್ತದೋ ಅವರ ಮನೆಗೂ ಅದೇ ಭಾಗ್ಯ ಎಂದು ನಂಬಿಕೆ. ನಾಲ್ಕೇ ದಿನ ಬದುಕಿದ ಕೂಸಿಗೆ ಈ ನೀರು ಸಿಕ್ಕಿರಲಿಲ್ಲ. ಕುಲ್ಯಾಶ್ ಆ ಗಂಟನ್ನು ಎರಡು ವರ್ಷ ಬಿಚ್ಚದೆ ಇಟ್ಟುಕೊಂಡಿದ್ದಳು ಎಂಬುದು ಸಾಕೆನ್‌ಗೆ ಆಗ ಹೊಳೆಯಿತು.

“ನಲವತ್ತು ತುಂಬಿದ ನೀರು ಕಣ್ರೇ,” ಎಂದಳು. “ಈ ಮನೇಲಿ ಒಂದಾದ್ರೂ ನಲವತ್ತು ಆಗ್ಲಿ.”

ಗಂಟಿನಲ್ಲಿ ಇದ್ದದ್ದು ಅಜ್ಜಿಯ ಕಾಲದ ತಾಮ್ರದ ಕಾಸುಗಳು. ಸಾಕೆನ್‌ನ ನಾಲಗೆಯ ಮೇಲೆ ಐದು ಮಾತು ಬಂದು ನಿಂತಿದ್ದವು: ತಾಮ್ರ ಮೀನಿಗೆ ವಿಷ ಅಕ್ಕ, ಬೇಡ. ಐದೇ ಮಾತು. ತರಗತಿಯಲ್ಲಿ ಮೂರು ಗಂಟೆ ಎಡೆಬಿಡದೆ ಮಾತಾಡುವವನು.

“ಜೋಪಾನ ಅಕ್ಕ,” ಎಂದ, “ನೆಲ ಒದ್ದೆ ಇದೆ.”

ಕಾಸುಗಳು ನೀರಿಗೆ ಬಿದ್ದವು. ಅದರ ಹಿಂದೆಯೇ ಕುಲ್ಯಾಶ್ ಎಲ್ಲರ ತಲೆಯ ಮೇಲೆ ಮಿಠಾಯಿ ತೂರಿದಳು, ಸಂತೋಷದ ಮನೆಯಲ್ಲಿ ತೂರುವ ಹಾಗೆ. ಅರ್ಧ ನೆಲಕ್ಕೆ, ಅರ್ಧ ಅಕ್ವೇರಿಯಂಗೆ. ಬಣ್ಣದ ಸಕ್ಕರೆ ಕಟ್ಟಿದ ಕಡಲೆಕಾಯಿಬೀಜ, ಎಣ್ಣೆಯಲ್ಲಿ ಕರಿದ ಹಿಟ್ಟಿನ ಉಂಡೆ. ಕೆಂಪು ಬಣ್ಣ ದಾರದಂತೆ ನೀರಿನಲ್ಲಿ ಇಳಿಯತೊಡಗಿತು.

ಆಮೇಲೆ ಗದ್ದಲವೋ ಗದ್ದಲ. ಹೆಂಗಸರೆಲ್ಲ ತೋಳು ಮೇಲೇರಿಸಿ ನೀರಿಗೆ ಕೈ ಹಾಕಿದರು. ಕುರಿಯ ಕೊಬ್ಬು ಹತ್ತಿದ ಕೈ, ಸೆಂಟು ಪೂಸಿದ ಕೈ.

“ಏ, ನನ್ನ ಬೆರಳು ಬಿಡೇ!”

“ನಿಂಗ್ಯಾಕೇ, ಆರು ಹೆತ್ತಿದೀಯ, ಸಾಲ್ದಾ?”

“ಸೊಸೆಗೆ ಕಣೇ, ಸೊಸೆಗೆ!”

ಮರಳು ಎದ್ದು ನೀರು ಹಾಲಾಯಿತು. ಮೀನುಗಳು ಗಾಜಿಗೆ ಬಡಿದುಕೊಂಡು ಈ ಮೂಲೆಯಿಂದ ಆ ಮೂಲೆಗೆ ಓಡಿದವು. ಸಾಕೆನ್ ಎಲ್ಲರಿಗೂ ಟವಲು ಹಂಚುತ್ತಿದ್ದ.

“ನೀನೂ ಒಂದು ತಗೋ ತಾಯಿ,” ಎಂದಳು ಕುಲ್ಯಾಶ್, ಗೋಡೆಗೊರಗಿ ನಿಂತಿದ್ದ ರೌಶನ್‌ಗೆ. “ನಿಂಗೇನು ವಯಸ್ಸಾಗಿಲ್ಲ. ದೇವರು ಕಣ್ಣು ಬಿಟ್ರೆ…”

ರೌಶನ್‌ಗೆ ನಲವತ್ತಮೂರು. ಅವಳು ಸಾಕೆನ್‌ನನ್ನು ನೋಡಿದಳು. ಅವನು ಈಗೊಂದು ಮಾತಾಡಲಿ ಎಂದು ಕಾಯುವ ನೋಟ ಅದು. ಅಪರೂಪಕ್ಕೆ ಅವನಿಗೆ ಅದು ಸ್ಪಷ್ಟವಾಗಿಯೇ ಅರ್ಥವಾಯಿತು. ಅವನು ಬಗ್ಗಿ ಸೋಸುವ ಯಂತ್ರದ ವೈರು ಸರಿಯಾಗಿದೆಯೇ ಎಂದು ನೋಡಿದ. ಸರಿಯಾಗಿತ್ತು.

ತಲೆ ಎತ್ತುವಷ್ಟರಲ್ಲಿ ರೌಶನ್ ಭುಜದ ತನಕ ನೀರಿಗೆ ಕೈ ಇಳಿಸಿದ್ದಳು. ಒಂದು ತಿಂಗಳು ಆ ನೀರನ್ನು ಹನಿ ಹನಿಯಾಗಿ ಪರೀಕ್ಷಿಸಿದವಳು. ಕೆನ್ನೆ ನೀರಿಗೆ ತಾಗುವಷ್ಟು ಬಾಗಿ, ಕಣ್ಣು ಮುಚ್ಚಿ, ಮರಳನ್ನು ಕೆದಕಿ ಕೆದಕಿ ಹುಡುಕಿದಳು. ಕೊನೆಗೂ ಒಂದು ಕಾಸು ಸಿಕ್ಕಿತು. ಎತ್ತಿ ಹಿಡಿದಳು. ಹೆಂಗಸರು ಕೂಗಿದರು, ಇಮಾಂಗಲಿ ಸೀಟಿ ಹೊಡೆದ, ಕುಲ್ಯಾಶ್ ಅತ್ತಳು. ರೌಶನ್ ನಕ್ಕಳು, ಹಲ್ಲು ಕಾಣುವಂತೆ. ಎರಡು ವರ್ಷದಿಂದ ಇದಕ್ಕೇ ಕಾದಿದ್ದ ಸಾಕೆನ್‌ಗೆ ಆ ನಗು ನೋಡಿ ಭಯವಾಯಿತು.

ನಾಲ್ಕೂವರೆಗೆ ಎಲ್ಲರೂ ಹೊರಟರು. ಕೊನೆಯ ಬಸ್ಸಿಗೆ ತಡವಾಗುತ್ತದೆಂದು ಕುಲ್ಯಾಶ್ ಕೂಡ ಬೋಗುಣಿ ಎತ್ತಿಕೊಂಡಳು. “ಚೆನ್ನಾಗಾಯ್ತು ಅಲ್ವೇನೋ?” ಎಂದು ಕೇಳಿದಳು.

“ತುಂಬಾ ಚೆನ್ನಾಗಾಯ್ತು ಅಕ್ಕ.”

ಪಡಸಾಲೆಯ ಪೀಪಾಯಿಗಳನ್ನು ಬಾಗಿಸಿ ನೋಡಿದ. ತಳದಲ್ಲಿ ಒಂದು ಲೋಟದಷ್ಟಿತ್ತು. ನಲ್ಲಿ ತಿರುಗಿಸಿದ, ಆಸ್ಪತ್ರೆಯ ವಾಸನೆಯ ನೀರು ಬಂತು. ನಿಲ್ಲಿಸಿದ. ಬಲೆ ತಂದು ಮಿಠಾಯಿ ತೆಗೆದ, ಎಣ್ಣೆಯ ಪೊರೆ ತೆಗೆದ, ಸಿಕ್ಕ ಕಾಸುಗಳನ್ನು ತೆಗೆದ. ಸಕ್ಕರೆ ಆಗಲೇ ಕರಗಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಪಕ್ಕಕ್ಕೆ ಹೊರಳಿತು. ಮತ್ತೊಂದು.

“ನೀರು ಹೇಗಿದೆ?”

ರೌಶನ್ ಬಾಗಿಲಲ್ಲಿದ್ದಳು. ತೋಳು ಇನ್ನೂ ಒದ್ದೆ, ಮುಷ್ಟಿ ಬಿಗಿ. ಹೊರಳಿದ ಮೀನುಗಳು ಅವಳಿಗೆ ಕಾಣದಂತೆ ಸಾಕೆನ್ ಅಡ್ಡ ನಿಂತ.

“ಚೆನ್ನಾಗಿದೆ. ಸ್ವಲ್ಪ ಕದಡಿದೆ. ಬೆಳಿಗ್ಗೆ ಹೊತ್ತಿಗೆ ತಿಳಿಯಾಗುತ್ತೆ.”

ಅವಳು ಒಳಗೆ ಬಂದು ನೋಟ್‌ಪುಸ್ತಕ ತೆಗೆದಳು. ನಲವತ್ತು ಎಂದು ಬರೆದಳು. ಪಕ್ಕದಲ್ಲಿ ಬಣ್ಣ ಬರೆಯಲಿಲ್ಲ. ಪುಸ್ತಕ ಮುಚ್ಚಿ, ಗೋಡೆಗೊರಗಿದ ಮೊದಲ ಮುಚ್ಚಳದ ತುದಿ ಹಿಡಿದಳು.

“ಆ ಕಡೆ ಹಿಡಿ.”

ಹಿಡಿದ. ಇಬ್ಬರೂ ಗಾಜನ್ನು ಎತ್ತಿ ನಿಧಾನಕ್ಕೆ ಇಳಿಸಿದರು. ಎರಡನೆಯದು. ಮೂರನೆಯದು. ಸದ್ದಾಗದಂತೆ ಇಡುವುದು ಅವಳಿಗೆ ಹೇಗೆ ಬಂತೋ.

“ಅವತ್ತು ಮಣ್ಣು ಮಾಡೋಕೆ ನಿನ್ನ ಜೊತೆ ಯಾರಿದ್ರು?” ಎಂದು ಕೇಳಿದಳು.

ಎರಡು ವರ್ಷದಲ್ಲಿ ಮೊದಲ ಸಲ ಆ ಮಾತು. ನಮ್ಮಲ್ಲಿ ಹೆಂಗಸರು ಅಲ್ಲಿಗೆ ಹೋಗುವಂತಿಲ್ಲ. ಇದ್ದವನು ಇಮಾಂಗಲಿ ಒಬ್ಬನೇ. ಗಾಳಿ ಬೀಸುತ್ತಿತ್ತು, ಅವನು ಒಂದೊಂದೇ ಇಟ್ಟಿಗೆ ಕೊಡುತ್ತಿದ್ದ, ಸಾಕೆನ್ ಗೋರಿಯ ಬಾಯಿ ಮುಚ್ಚಲು ಇಡುತ್ತಿದ್ದ. ಆರು ಇಟ್ಟಿಗೆ ಸಾಕಾಗಿತ್ತು.

“ಸುಮಾರು ಜನ ಇದ್ರು,” ಎಂದ.

“ಹ್ಞೂಂ.”

ಅವಳು ನಾಲ್ಕನೆಯ ಮುಚ್ಚಳದ ತನ್ನ ತುದಿ ಎತ್ತಿದಳು. ಅವನು ತನ್ನದನ್ನು ಎತ್ತಿದ. ಮುಚ್ಚಿದ ಮೇಲೆ ನೀರಿಗೂ ಗಾಜಿಗೂ ನಡುವೆ ಮೂರು ಬೆರಳಷ್ಟು ಜಾಗ ಉಳಿಯಿತು. ಇಪ್ಪತ್ತಾರು ಬಾಯಿಗಳು ಅಲ್ಲಿಗೆ ಬಂದು ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.