ಬೆರಳಗಲದ ಅಲ್ಯೂಮಿನಿಯಂ

ಸೊಸೆ ಕರೆಯುವುದನ್ನು ಕೇಳಿ ಕೇಳಿ ಬೀದಿಯವರೂ ಅವರನ್ನು ಮಾವ ಎಂದೇ ಕರೆಯುತ್ತಿದ್ದರು. ಮಾವನಿಗೆ ಸುಮ್ಮನೆ ಕೂರಲು ಬರುತ್ತಿರಲಿಲ್ಲ. ಲೇತ್ ಯಂತ್ರದ ಮುಂದೆ ನಿಂತೇ ಆಯಸ್ಸು ಸವೆಸಿದ ಮನುಷ್ಯ. ಕಾರ್ಖಾನೆ ಬಿಟ್ಟ ವರ್ಷವೇ ಹೆಂಡತಿಯೂ ತೀರಿಕೊಂಡ ಮೇಲೆ ಅವರ ಕೈಗಳು ಮನೆಯ ಮೇಲೆ ತಿರುಗಿಬಿದ್ದವು. ಸರಿಯಿದ್ದ ನಲ್ಲಿಯನ್ನು ಬಿಚ್ಚಿ ಸೋರುವಂತೆ ಮಾಡಿದರು. ಕಿರುಗುಟ್ಟದ ಬಾಗಿಲಿಗೂ ಎಣ್ಣೆ ಬಿಟ್ಟು ನೆಲವೆಲ್ಲ ಜಿಡ್ಡಾಯಿತು. ಮಗ ಹಡಗಿನ ಕೆಲಸಕ್ಕೆ ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಮನೆಯಲ್ಲಿ ಉಳಿಯುತ್ತಿದ್ದವರು ಇವರಿಬ್ಬರೇ.

ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ರಜೆ ಬಂತೆಂದರೆ ಮೌಂಟನ್ ಬೈಕ್ ಎಂಬ ಗೇರು ಸೈಕಲ್ ಏರಿ ಗುಡ್ಡದ ದಾರಿ ಹಿಡಿಯುವಳು. ಆ ಸಲ ಮಾತ್ರ ಅದನ್ನು ತಳ್ಳಿಕೊಂಡು ಬಂದಳು. ಮೊಣಕೈ ತರಚಿತ್ತು.

"ಬಿದ್ಯೇನಮ್ಮ?"

"ಕಲ್ಲಿನ ಮೇಲೆ ಜಾರ್ತು ಮಾವ. ನನಗೇನೂ ಆಗಿಲ್ಲ. ಹ್ಯಾಂಗರ್ ಬಾಗಿದೆ."

ಹಿಂಚಕ್ರದ ಪಕ್ಕ, ಫ್ರೇಮಿನ ತುದಿಗೆ ಸ್ಕ್ರೂ ಹಾಕಿ ಕೂರಿಸಿದ್ದ ಬೆರಳಗಲದ ಅಲ್ಯೂಮಿನಿಯಂ ತುಂಡು ಅದು. ಗೇರು ಬದಲಿಸುವ ಡಿರೈಲರ್ ಅದಕ್ಕೇ ಜೋತುಬಿದ್ದಿರುತ್ತದೆ. ಈಗ ಅದು ಒಳಕ್ಕೆ ಬಾಗಿ, ಸರಪಳಿ ಚಕ್ರದ ಕಡ್ಡಿಗಳಿಗೆ ತಾಗುತ್ತಿತ್ತು. ಮಾವ ಆಗಲೇ ಮಂಡಿಯೂರಿದ್ದರು.

"ನೀವು ಮುಟ್ಟಬೇಡಿ. ನಾನೇ ಸೈಕಲ್ ಅಂಗಡಿಗೆ ಒಯ್ತೀನಿ," ಎಂದಳು ಸೊಸೆ.

ಮರುದಿನ ಅವಳು ಕೆಲಸಕ್ಕೆ ಹೋದಮೇಲೆ ಮಾವ ಸೈಕಲ್ಲಿಗೆ ಒಂದು ಸುತ್ತು ಬಂದರು. ನೀರು ಕುಡಿದು ಮತ್ತೊಂದು ಸುತ್ತು ಬಂದರು. ಕಿಟಕಿಯ ಬಳಿ ನಿಂತರೂ ಕಣ್ಣು ಅಲ್ಲಿಗೇ ಎಳೆಯುತ್ತಿತ್ತು. ಬಾಗಿದ್ದನ್ನು ನೆಟ್ಟಗೆ ಮಾಡುವುದು ಎಷ್ಟರ ಕೆಲಸ? ಡಿರೈಲರ್ ಬಿಚ್ಚಿ, ಸ್ಪ್ಯಾನರಿನಲ್ಲಿ ತುಂಡನ್ನು ಹಿಡಿದು ಒತ್ತಿದರು. ಹೇಳಿದ ಮಾತು ಕೇಳಿತು. ಇನ್ನು ಕೂದಲೆಳೆಯಷ್ಟು ಎಂದುಕೊಂಡು ಮತ್ತೆ ಒತ್ತಿದರು. ಟಕ್ ಎಂದಿತು. ಅರ್ಧ ತುಂಡು ಸ್ಪ್ಯಾನರಿನ ಬಾಯಲ್ಲೇ ಉಳಿಯಿತು.

ಅವರ ಕೈ ಪಳಗಿದ್ದು ಉಕ್ಕಿನಲ್ಲಿ. ಇದು ಬೇರೆ ಜಾತಿಯ ಲೋಹ. ಮಧ್ಯಾಹ್ನವಿಡೀ ಅಡುಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡುಗೆಮನೆಗೆ ತಿರುಗಿದರು. ಸೊಸೆ ಬಂದು ಚಪ್ಪಲಿ ಬಿಡುವ ಮುಂಚೆಯೇ ಅಂಗೈ ಚಾಚಿದರು.

"ಮುರಿದುಬಿಟ್ಟೆ ಕಣಮ್ಮ."

ಅವಳು ತುಂಡನ್ನು ನೋಡಿದಳು, ಅವರನ್ನು ನೋಡಲಿಲ್ಲ. "ಇದಕ್ಕೆ ಹೊಸದು ಸಿಗಲ್ಲ ಮಾವ. ಮಧ್ಯಾಹ್ನ ಸೈಕಲ್ ಅಂಗಡಿಗೆ ಫೋನ್ ಮಾಡಿ ಕೇಳ್ದೆ. ಈ ಫ್ರೇಮಿಂದು ಈಗ ಯಾರೂ ಮಾಡ್ತಾನೇ ಇಲ್ವಂತೆ."

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ನೀರು ಸುರಿಯುತ್ತಲೇ ಇತ್ತು. ಹೊರಬಂದಾಗ ಮಾವ ಇನ್ನೂ ಅಲ್ಲೇ ನಿಂತಿದ್ದರು.

"ನಿಮ್ಮ ಮಗ ಇಲ್ದೆ ಈ ಮನೇಲಿ ನನಗೆ ತಲೆ ಚಿಟ್ಟು ಹಿಡಿಯುತ್ತೆ ಮಾವ. ಗೋಡೆ ನೋಡ್ಕೊಂಡು ಎಷ್ಟು ಹೊತ್ತು ಇರೋದು? ಗುಡ್ಡ ಹತ್ತಿದಾಗಲೇ ನನಗೆ ಉಸಿರು ಬರೋದು."

ಚಡಪಡಿಕೆ ತನ್ನೊಬ್ಬನದೇ ಎಂದು ಮಾವ ಇಷ್ಟು ದಿನ ನಂಬಿದ್ದರು. ಅವಳು ಸೈಕಲ್ ಹತ್ತಿ ಹೋಗುವುದು ಹುಡುಗಾಟಕ್ಕೆ ಎಂದುಕೊಂಡಿದ್ದರು.

"ನನಗೂ ಅದೇ ಆಗೋದು," ಎಂದರು. "ಅದಕ್ಕೇ ಕಂಡಿದ್ದೆಲ್ಲ ಬಿಚ್ತೀನಿ."

ಊಟಕ್ಕೆ ತಟ್ಟೆ ಹಾಕುವಾಗ ಸೊಸೆ ಕೇಳಿದಳು: "ಇದನ್ನ ನೀವೇ ಮಾಡೋಕಾಗುತ್ತಾ?"

ಮುರಿದ ಎರಡು ಚೂರುಗಳನ್ನು ಜೋಡಿಸಿ, ದಪ್ಪ ಅಲ್ಯೂಮಿನಿಯಂ ಹಲಗೆಯ ಮೇಲಿಟ್ಟು ಗೆರೆ ಎಳೆದರು ಮಾವ. ಗರಗಸದಲ್ಲಿ ಕೊಯ್ದರು, ಅರದಿಂದ ಉಜ್ಜಿದರು, ಹಳೆಯ ಗೆಳೆಯನ ವರ್ಕ್‌ಶಾಪಿಗೆ ಹೋಗಿ ತೂತು ಕೊರೆದು, ಅದರೊಳಗೆ ಸ್ಕ್ರೂ ತಿರುಗಿ ಕೂರುವಂತೆ ಮರೆ ಹಾಕಿಸಿಕೊಂಡು ಬಂದರು. ಸೊಸೆ ತನ್ನ ಅಂಗಡಿಯಿಂದ ಗಾಜಿನ ದಪ್ಪ ಅಳೆಯುವ ಸಾಧನ ತಂದು ಹಿಡಿದಳು.

"ತೂತು ಓರೆಯಾಗಿದೆ. ಇದು ಆಗಲ್ಲ."

"ಕಣ್ಣಿಗೆ ಕಾಣ್ತಾನೇ ಇಲ್ವಲ್ಲ."

"ನಿಮ್ಮ ಕಣ್ಣಿಗೆ. ಕನ್ನಡಕದ ನಂಬರ್ ಬದಲಾಗಿದೆ, ಅಂಗಡಿಗೆ ಬನ್ನಿ."

ಮಾವ ಗೊಣಗಿಕೊಂಡೇ ಇನ್ನೊಂದನ್ನು ಕೊಯ್ದರು. ಅದನ್ನು ಫ್ರೇಮಿಗೆ ಕೂರಿಸಿದ ಮೇಲೆ ಸೊಸೆ ಒಂದು ಉಪಾಯ ಹೇಳಿದಳು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮಾವನ ಹಳೆಯ ಸೈಕಲ್ಲಿನ ಹಿಂಚಕ್ರ ಕಳಚಿ, ಅದರ ಅಚ್ಚನ್ನು ಹೊಸ ತೂತಿಗೇ ತಿರುಗಿಸಿ ನಿಲ್ಲಿಸಿದರು. ತುಂಡು ನೆಟ್ಟಗಿದೆ ಎನ್ನಲು ಎರಡು ಚಕ್ರಗಳ ನಡುವಿನ ಅಂತರ ಮೇಲೆ, ಕೆಳಗೆ, ಹಿಂದೆ, ಮುಂದೆ ಒಂದೇ ಆಗಬೇಕು. ಕೆಳಗೆ ಕಿರುಬೆರಳಿನಷ್ಟು ಹೆಚ್ಚಿತ್ತು. ಮಾವ ಚಕ್ರವನ್ನು ಹಿಡಿದು ಒತ್ತಿದರು. ಈ ಸಲ ಅವಸರವಿಲ್ಲದೆ, ಸ್ವಲ್ಪ ಸ್ವಲ್ಪವೇ.

"ಸಾಕು," ಎಂದಳು ಸೊಸೆ. ಮಾವ ತಕ್ಷಣ ಕೈಬಿಟ್ಟರು.

ರಜೆಯ ದಿನ ಬೆಳಗ್ಗೆ ಅವಳು ಹೊರಟಳು. ಮಾವ ಗೇಟಿನ ತನಕ ಹೋದರು, ಆಮೇಲೆ ಬೀದಿಯ ತಿರುವಿನ ತನಕ. ಇಳಿಜಾರಿನಲ್ಲಿ ತುಂಡು ಕಿತ್ತುಬಂದರೆ, ಸರಪಳಿ ಚಕ್ರಕ್ಕೆ ಸಿಕ್ಕಿಕೊಂಡರೆ ಎಂದು ಜೀವ ಹೊಡೆದುಕೊಳ್ಳುತ್ತಿತ್ತು. ಮಾಡಿದ ಅನ್ನ ಹಾಗೇ ಉಳಿಯಿತು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಬಂದಳು. ಮೈಯೆಲ್ಲ ಕೆಸರು, ಆದರೆ ಸೈಕಲ್ಲಿನ ಮೇಲೇ ಕೂತಿದ್ದಳು.

"ಕೊನೇ ಗೇರು ಬೀಳ್ತಿಲ್ಲ. ಉಳಿದಿದ್ದೆಲ್ಲ ಸರಿಯಾಗಿದೆ."

ಮಾವ ಸ್ಪ್ಯಾನರಿಗೆ ಕೈಹಾಕಿದರು.

"ಬಿಡಿ, ಆ ಗೇರು ನನಗೆ ಬೇಕಾಗೇ ಇಲ್ಲ. ನಿಮ್ಮ ಚಕ್ರ ವಾಪಸ್ ಹಾಕ್ಕೊಳ್ಳಿ ಮಾವ. ನಾಳೆ ಸಾಯಂಕಾಲ ಇಬ್ರೂ ಹೋಗೋಣ, ಸಪಾಟು ರಸ್ತೇಲಿ."

"ಈ ಮಂಡಿ ಇಟ್ಕೊಂಡು ನಾನೆಲ್ಲಿ ಹೋಗಲಮ್ಮ," ಎಂದರು ಮಾವ. ಅವಳು ಕೆಸರು ತೊಳೆದು ಬರುವಷ್ಟರಲ್ಲಿ ಚಕ್ರ ಕೂರಿಸಿ, ಪಂಪು ಒತ್ತುತ್ತಾ ನಿಂತಿದ್ದರು.