ಹನ್ನೊಂದನೇ ಕುರಿಯ ಭುಜ

ಬುಧವಾರ ಬೆಳಗ್ಗೆ ನಾನು ಕೊಟ್ಟಿಗೆಗೆ ಹೋದಾಗ ಹನ್ನೊಂದನೇ ಕುರಿ ನಾಲ್ಕೂ ಕಾಲೂರಿ ನಿಂತು ಹುಲ್ಲು ಮೆಲ್ಲುತ್ತಿತ್ತು. ಇನ್ನೂ ಮೂರು ವಾರ ಅದು ಬಲ ಮುಂಗಾಲಿನ ಮೇಲೆ ಭಾರ ಹಾಕಬಾರದಿತ್ತು. ಹಾಕದಿರಲೆಂದೇ, ಊರಿದರೆ ಹೊರಳುವಂತೆ, ಆ ಗೊರಸಿನಡಿ ಮರದ ಅರ್ಧ ಚೆಂಡು ಕಟ್ಟಿದ್ದೆವು. ಈಗ ಚೆಂಡು ಒಣಹುಲ್ಲಿನಲ್ಲಿ ಬಿದ್ದಿತ್ತು.

ಹದಿನೆಂಟು ಕುರಿಗಳ ಪ್ರಯೋಗ ಅದು. ಭುಜದ ಮಾಂಸವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವನ್ನು ಕತ್ತರಿಸಿ, ನಾಲ್ಕು ತಿಂಗಳು ಹಾಗೇ ಬಿಟ್ಟಿದ್ದೆವು. ಹರಿದ ಭುಜದಲ್ಲೇ ವರ್ಷಗಟ್ಟಲೆ ದುಡಿಯುವ ಮನುಷ್ಯರಿಗೆ ಆಗುವಂತೆ ಮಾಂಸ ಸೊರಗಿ, ರಜ್ಜು ಹಿಂದಕ್ಕೆ ಸರಿದ ಮೇಲೆ ಆ ಅಂತರಕ್ಕೆ ಕಸಿ ಹೊಲಿದೆವು. ಆರಕ್ಕೆ ಅವುಗಳದೇ ತೊಡೆಯ ಪೊರೆ, ಆರಕ್ಕೆ ಹಂದಿಚರ್ಮದ ಹಾಳೆ, ಆರಕ್ಕೆ ಕೃತಕ ನೂಲಿನಲ್ಲಿ ನೇಯ್ದ ಪಟ್ಟಿ. ಹನ್ನೊಂದಕ್ಕೆ ಹೊಲಿದದ್ದು ತೊಡೆಯ ಪೊರೆ. ಆ ಗುಂಪಿನಲ್ಲಿ ಆಗಲೇ ಎರಡು ಹರಿದಿದ್ದವು. ಮೂರನೆಯದೂ ಹರಿದರೆ ಆ ಗುಂಪನ್ನೇ ನಿಲ್ಲಿಸಬೇಕಿತ್ತು.

"ಬಾಲ್ಟ್ಸ್, ಇದ್ಯಾವಾಗ ಬಿತ್ತು?"

ಬಾಲ್ಟ್ಸ್ ಮೂವತ್ತು ವರ್ಷದಿಂದ ಜ್ಯೂರಿಕ್‌ನ ಈ ಸಂಶೋಧನಾ ಕೇಂದ್ರದಲ್ಲಿ ಕುರಿ ನೋಡಿಕೊಳ್ಳುವವನು. ಗ್ಲಾರುಸ್ ಬೆಟ್ಟದ ಕಡೆಯವನು.

"ನಿನ್ನೆ ಸಂಜೆ ಇತ್ತು ಕಣ್ರೀ ಡಾಕ್ಟ್ರೇ. ಅದೇ ಬಿಚ್ಕೊಂಡಿರ್ಬೇಕು. ನಮ್ಮ ಬೆಟ್ಟದ ಕುರಿ, ನಿಮ್ಮ ಜ್ಯೂರಿಕ್‌ನೋರಿಗಿಂತ ಬುದ್ಧಿ ಜಾಸ್ತಿ."

ನನಗೆ ನಗು ಬರಲಿಲ್ಲ. ಸ್ಕ್ಯಾನ್ ಮಾಡಿದರೆ ಹೊಲಿಗೆಯ ಪಕ್ಕ ಒಂದು ಕಪ್ಪು ಕಲೆ. ಬರೀ ನೀರೋ, ಹರಿದದ್ದೋ ಹೇಳುವಂತಿರಲಿಲ್ಲ. ವಾರ ಬಿಟ್ಟು ಮತ್ತೆ ನೋಡಬೇಕು. ಹರಿದಿದ್ದರೆ ಅಂದೇ ಅದನ್ನು ಸೂಜಿ ಕೊಟ್ಟು ಶಾಶ್ವತವಾಗಿ ಮಲಗಿಸಿಬಿಡಬೇಕು.

ಚೆಂಡನ್ನು ಮತ್ತೆ ಬಿಗಿಯಾಗಿ ಕಟ್ಟಿಸಿದೆ. ಆಮೇಲೆ ದಿನಕ್ಕೆ ಐದಾರು ಸಲ ಕೊಟ್ಟಿಗೆಗೆ ಹೋದೆ. ಕುರಿ ಕಾಲೆತ್ತಿದರೆ ನೋವೇನೋ ಎಂದು ಹೆದರುತ್ತಿದ್ದೆ, ಊರಿದರೆ ಹರಿಯಿತೇನೋ ಎಂದು.

ಶುಕ್ರವಾರ ಊಟದ ಹೊತ್ತಿಗೆ ಬಾಲ್ಟ್ಸ್ ಬ್ರೆಡ್ಡು, ಚೀಸು ಹಿಡಿದು ನನ್ನೆದುರು ಕೂತ. ಒಂದನ್ನೂ ಬಾಯಿಗಿಡಲಿಲ್ಲ.

"ನಿಮ್ಮ ಭುಜಕ್ಕೇ ಆದ್ರೆ, ಮೂರರಲ್ಲಿ ಯಾವ್ದು ಹಾಕಿಸ್ಕೋತೀರಿ?"

"ಯಾಕೆ?"

ಅವನು ಬಲಗೈ ಎತ್ತಿ ತೋರಿಸಿದ. ಎದೆಯ ಮಟ್ಟಕ್ಕೆ ಬಂದು ನಿಂತಿತು, ಮೇಲೇಳಲಿಲ್ಲ.

"ಭುಜ ಹರಿದು ಎರಡು ವರ್ಷ ಆಯ್ತು. ಮಂಗಳವಾರ ಮಧ್ಯಾಹ್ನಾನೇ ಚೆಂಡಿನ ಪಟ್ಟಿ ಸಡಿಲ ಆಗಿತ್ತು, ನೋಡ್ದೆ. ಕುರಿ ಮಗುಚೋಕೆ ಕೈಯೇ ಏಳ್ಲಿಲ್ಲ. ಯಾರನ್ನಾದ್ರೂ ಕರೆದ್ರೆ ಗುಟ್ಟು ರಟ್ಟಾಗುತ್ತೆ, ಮನೆಗೆ ಕಳಿಸ್ತಾರೆ ಅಂತ ಸುಮ್ನಾದೆ."

ಸಿಟ್ಟು ಬಂತು. ಟಿಪ್ಪಣಿ ಪುಸ್ತಕ ತೆರೆದೆ.

"ನಾನಿದನ್ನ ವರದೀಲಿ ಬರೀಲೇಬೇಕು, ಬಾಲ್ಟ್ಸ್."

"ಬರೀರಿ. ಅದಕ್ಕೇ ಹೇಳಿದ್ದು. ನಾನು ಕಟ್ಟದೆ ಬಿಟ್ಟಿದ್ದಕ್ಕೆ ಆ ಪೊರೇನೇ ಸರಿಯಿಲ್ಲ ಅಂತ ನೀವು ಬರೆದ್ರೆ, ನಾಳೆ ನನ್ನಂಥ ಯಾವನಿಗೋ ಒಳ್ಳೇದು ತಪ್ಪಿಹೋಗುತ್ತಲ್ಲ."

ಬರೆದೆ. ಅವನ ಹೆಸರು ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಮುಂದಿನ ಬುಧವಾರ ಬಾಲ್ಟ್ಸ್ ಎಡಗೈಯಿಂದ ಕುರಿಯ ಕತ್ತು ತಬ್ಬಿ ಹಿಡಿದ. ಪರದೆಯ ಮೇಲೆ ಕಪ್ಪು ಕಲೆ ಹುಡುಕಿದೆ. ಕುಗ್ಗಿ ಕಾಳಿನಷ್ಟಾಗಿತ್ತು. ಅದರಾಚೆ ಎಳೆಗಳು ಮೂಳೆಯವರೆಗೂ ಓಡಿದ್ದವು. ನಂಬಿಕೆಯಾಗದೆ ಮೂರು ಸಲ ನೋಡಿದೆ.

"ಹಿಡ್ಕೊಂಡಿದೆ," ಅಂದೆ.

ಅವನು ಕುರಿಯ ಕಿವಿ ಸವರಿದ. "ಹೆಂಗೂ ಕೊನೆಗೆ ಇದನ್ನೂ..."

"ಹೌದು. ಇನ್ನು ಒಂಬತ್ತು ವಾರ." ಎಲ್ಲ ಕುರಿಗಳನ್ನೂ ಸಾಯಿಸಿ, ರಜ್ಜು ತೆಗೆದು, ಎಷ್ಟು ಎಳೆತ ತಡೆಯುತ್ತದೆ ಎಂದು ಯಂತ್ರದಲ್ಲಿ ನೋಡಬೇಕಿತ್ತು. ಅದು ಅವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಹನ್ನೊಂದರ ಫಲಿತಾಂಶವನ್ನು ಕಾರಣಸಹಿತ ಬೇರೆಯಾಗಿ ಬರೆಯಬೇಕೆಂದು ಮೇಲಿನವರು ತೀರ್ಮಾನಿಸಿದರು. ಬಾಲ್ಟ್ಸ್‌ಗೆ ಛೀಮಾರಿಯ ಕಾಗದ ಬಂತು, ಕೆಲಸ ಹೋಗಲಿಲ್ಲ. ಕುರಿ ಮಗುಚಲು ಇಬ್ಬರನ್ನು ಕೊಟ್ಟರು. ಅವನು ಅವರಿಬ್ಬರನ್ನೂ ದಿನವಿಡೀ ಬೈಯುತ್ತಾನೆ.

ತನ್ನ ಭುಜ ತೋರಿಸಲು ಆಸ್ಪತ್ರೆಗೆ ಹೊರಟ ದಿನ ಮತ್ತೆ ಕೇಳಿದ, "ಮೂರರಲ್ಲಿ ಯಾವ್ದು ಅಂತ ಹೇಳ್ಲೇ ಇಲ್ವಲ್ಲ?"

"ನಂಗಿನ್ನೂ ಗೊತ್ತಿಲ್ಲ, ಬಾಲ್ಟ್ಸ್."

"ಇಷ್ಟೊಂದು ಓದಿ ಇಷ್ಟೇನಾ!" ಅಂದು ಎಡಗೈಯಲ್ಲಿ ಕಂಬಿ ಹಿಡಿದು ಟ್ರಾಮ್ ಹತ್ತಿದ.