ಟೇಬಲ್ ಕಾಲಿನ ಕೆಳಗಿದ್ದ ಆಂಪ್ಲಿಫೈಯರ್

ನಾನು ಒಂದು ಆಂಪ್ಲಿಫೈಯರ್. ಬಲ್ಲವರು ಆಪ್‌ಆಂಪ್ ಎನ್ನುತ್ತಾರೆ. ನೋಡಲು ಕಪ್ಪು ಸೋಪಿನ ತುಂಡು, ಕೆಳಗೆ ಏಳು ಹಿತ್ತಾಳೆ ಕಾಲು. ಅರವತ್ತೆಂಟರಲ್ಲಿ ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಹುಟ್ಟಿದೆ. ಹೆಣ್ಣುಮಕ್ಕಳು ಒಂದೊಂದೇ ಟ್ರಾನ್ಸಿಸ್ಟರ್ ಆರಿಸಿ, ಜೋಡಿ ನೋಡಿ ಬೆಸುಗೆ ಹಾಕಿದರು. ಮೇಲೆ ಕರಿ ಅಂಟು ಸುರಿದು ಮುಚ್ಚಿದರು. ಇದೆಯೋ ಇಲ್ಲವೋ ಎನ್ನುವಷ್ಟು ಸಣ್ಣ ವಿದ್ಯುತ್ತನ್ನು ದೊಡ್ಡದು ಮಾಡಿ ಮೀಟರಿನ ಮುಳ್ಳು ಕದಲಿಸುವುದು ನನ್ನ ಕೆಲಸ. ಅದರಲ್ಲಿ ಒಂದು ದಿನವೂ ಸುಳ್ಳು ಹೇಳಿಲ್ಲ.

ಗದಗಿನ ಕಾಲೇಜೊಂದರ ಲ್ಯಾಬಿನಲ್ಲಿ, ನೀರಿನ ಪಿಎಚ್, ಅಂದರೆ ಹುಳಿ-ಕ್ಷಾರದ ಪ್ರಮಾಣ, ಅಳೆಯುವ ಮೀಟರಿನೊಳಗೆ ಹದಿನೈದು ವರ್ಷ ದುಡಿದೆ. ಆಮೇಲೆ ಬಂತಪ್ಪ ಹೊಸ ಮೀಟರು! ಅದರೊಳಗೆ ಉಗುರಿನಷ್ಟು ಒಂದು ಚಿಪ್. ನನ್ನನ್ನು ಕಿತ್ತರು. ರಜೆ ಅರ್ಜಿಗಳು ಹಾರದಂತೆ ಅವುಗಳ ಮೇಲಿಟ್ಟರು. ಸಾಲದೆಂದು ಅಲುಗಾಡುವ ಟೇಬಲ್ಲಿನ ಕಾಲಿಗೆ ಒತ್ತು ಕೊಟ್ಟರು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು! ನಾಚಿಕೆ ಬೇಡವೇ ಇವರಿಗೆ?

ಆರನೇ ವರ್ಷಕ್ಕೆ ಹೊಸ ಮೀಟರು ಕೆಟ್ಟಿತು. ಬಿಡಿಭಾಗ ಸಿಗುವುದಿಲ್ಲವಂತೆ. ಹಾಸ್ಟೆಲ್ಲಿನ ಬೋರ್‌ವೆಲ್ ನೀರು ದಿನವೂ ಪರೀಕ್ಷೆಯಾಗಬೇಕು. ಆಗ ಲ್ಯಾಬ್ ಸಹಾಯಕಿ ಫಕೀರವ್ವ ಮಂಡಿಯೂರಿ ನನ್ನನ್ನು ಎಳೆದು ತೆಗೆದಳು.

"ಅಯ್ಯ, ನೀ ಇಲ್ಲೇ ಅದೀಯೇನ!" ಎಂದು ಸೆರಗಿನಿಂದ ಒರೆಸಿದಳು. ಹಳೆಯ ಮೀಟರು ಹುಡುಕಿ ತಂದು ಅದರೊಳಗೆ ನನ್ನನ್ನು ಕೂರಿಸಿದಳು. ಅದರ ಮುಚ್ಚಳ ಎಂದೋ ಕಳೆದಿತ್ತು. ಏಳು ಬರಬೇಕಾದ ದ್ರಾವಣಕ್ಕೆ ಏಳೇ ತೋರಿಸಿದೆ.

ಆಯುಧಪೂಜೆ ಬಂತು. ವಿಭಾಗದ ಮುಖ್ಯಸ್ಥ ಹಂಚಿನಮನಿ ಸರ್ ಭಕ್ತಿಯಿಂದ ನನ್ನ ಮೈಮೇಲೆ ಹಸಿ ವಿಭೂತಿಯ ಮೂರು ಪಟ್ಟೆ ಎಳೆದರು. ಅದು ಇಳಿದು ಕಾಲುಗಳ ಬುಡದಲ್ಲಿ ಮೆತ್ತಿಕೊಂಡಿತು. ನನಗೆ ಬರುವ ಚೂರು ವಿದ್ಯುತ್ತು ಅದರಲ್ಲೇ ಸೋರಿಹೋಗತೊಡಗಿತು. ರಜೆ ಮುಗಿದು ಲ್ಯಾಬು ತೆರೆದರೆ ಮುಳ್ಳು ಕುಡಿದವನಂತೆ ತೂಗಾಡುತ್ತಿದೆ.

"ಗುಜರಿ ಹಚ್ಚಿ ಮೀಟರ್ ಕೆಡಿಸಿದಿ!" ಎಂದು ಸರ್ ಫಕೀರವ್ವನ ಮೇಲೆ ಹರಿಹಾಯ್ದರು. ಮೆಮೊ ಬರೆದರು. ನಾಳೆಯಿಂದ ಅವಳಿಗೆ ಲ್ಯಾಬಿಲ್ಲ, ಗೇಟಿನ ಕೆಲಸ. ನಾನು ನಿರುಪಯುಕ್ತ ವಸ್ತುಗಳ ಪಟ್ಟಿಗೆ ಸೇರಿದೆ. ಬಳಿದವರು ಅವರು, ಬೈಸಿಕೊಂಡವರು ನಾವು!

"ಸರ, ವಿಭೂತ್ಯಾಗ ಕರೆಂಟ್ ಸೋರಾಕತ್ತೈತ್ರಿ. ಒರಿಸಿದ್ರ ಸರಿ ಆಕ್ಕೈತಿ," ಎಂದಳು ಫಕೀರವ್ವ.

"ಪೂಜಿ ಮಾಡಿದ್ದು ಒರಸ್ತೀಯೇನು? ದೇವರ ಅಂಜಿಕಿ ಇಲ್ಲೇನು ನಿನಗ?"

"ದೇವರಿಗೆ ನಾ ಹೇಳ್ಕೋತೀನ್ರಿ," ಎಂದವಳೇ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಎಲ್ಲರೆದುರೇ ನನ್ನ ಕಾಲುಗಳ ಬುಡ ತಿಕ್ಕಿದಳು. ಅದೇ ಏಳರ ದ್ರಾವಣಕ್ಕೆ ಮುಳ್ಳು ನೇರ ಏಳರ ಮೇಲೆ ನಿಂತಿತು.

ಹಂಚಿನಮನಿ ಸರ್ ಕೈಮುಗಿದರು. "ನೋಡ್ರಿ, ಪೂಜಿ ಫಲ!"

ನನಗೆ ಮೈಯೆಲ್ಲ ಉರಿದುಹೋಯಿತು. ಫಕೀರವ್ವ ಮಾತ್ರ ಕೈ ಚಾಚಿದಳು. "ಫಲ ಬಂತಲ್ರಿ ಸರ. ಇನ್ನ ಆ ಮೆಮೊ ಕೊಡ್ರಿ." ಸರ್ ಕೊಟ್ಟರು. ಅವಳು ಅಲ್ಲೇ ಹರಿದು ಬುಟ್ಟಿಗೆ ಹಾಕಿದಳು.

ಈಗ ನನಗೂ ವಯಸ್ಸಾಯಿತು. ಕಿಟಕಿಯ ಪಕ್ಕದ ಮೂಲೆಯಲ್ಲಿ ಫಕೀರವ್ವನ ಕೈಕೆಳಗೇ ಇದ್ದೇನೆ. ಆ ನಿರುಪಯುಕ್ತ ವಸ್ತುಗಳ ಪಟ್ಟಿಯಿಂದ ನನ್ನನ್ನು ತೆಗೆಯಲು ಮಾತ್ರ ಇಂದಿಗೂ ಯಾರಿಗೂ ಪುರಸೊತ್ತಿಲ್ಲ. ಕಾಗದದ ಪ್ರಕಾರ ನಾನು ಸತ್ತು ಹನ್ನೊಂದು ವರ್ಷ. ಹಾಸ್ಟೆಲ್ಲಿನ ಮುನ್ನೂರು ಹುಡುಗಿಯರು ಇವತ್ತು ಬೆಳಿಗ್ಗೆ ನೀರು ಕುಡಿದದ್ದು ಈ ಸತ್ತವನ ಮಾತು ನಂಬಿ.